ಮರಿಯಾ ಮಾಂಟೆಸ್ಸರಿ: ಮಗುವನ್ನು ಓದಲು ಶಿಕ್ಷಕರಿಗೆ ಕಲಿಸಿದವರು

ಮಾಂಟೆಸ್ಸರಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಪುಟಾಣಿಗಳ ಶಾಲೆ. ಆದರೆ ಆ ಹೆಸರಿನ ಮಹಿಳೆ ಮೊತ್ತಮೊದಲು ಗುರುವಾದದ್ದು, ಬುದ್ಧಿಮಾಂದ್ಯರೆಂದು ಸಮಾಜವು ಬದಿಗೆ ಸರಿಸಿದ್ದ ಮಕ್ಕಳಿಗೆ ಎಂಬುದನ್ನು ಬಲ್ಲವರು ವಿರಳ.

ಮರಿಯಾ ಮಾಂಟೆಸ್ಸರಿ 1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಾಲ್ಲೆಯಲ್ಲಿ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು ಅಲ್ಲಿನ ಮನೋರೋಗ ಚಿಕಿತ್ಸಾಲಯದಲ್ಲಿ ಸೇವೆಗೆ ತೊಡಗಿದರು. ಆ ದಿನಗಳಲ್ಲಿ ಇಂತಹ ಮಕ್ಕಳನ್ನು ಹುಚ್ಚಾಸ್ಪತ್ರೆಗಳಲ್ಲಿ ವಯಸ್ಕ ರೋಗಿಗಳ ಜೊತೆ ಕೂಡಿಹಾಕಲಾಗುತ್ತಿತ್ತು. ಊಟ ಮುಗಿದ ಮೇಲೆ ಅವರು ನೆಲದ ಮೇಲಿನ ರೊಟ್ಟಿಯ ಚೂರುಗಳಿಗಾಗಿ ಬೀಳುವುದನ್ನು ಕಂಡು ಮೇಲ್ವಿಚಾರಕಿ ಹೇಸುತ್ತಿದ್ದಳು. ಆ ಬರಿದಾದ ಕೋಣೆಯಲ್ಲಿ ಮಕ್ಕಳ ಕೈಗೆ ಸಿಗುವ ವಸ್ತು ಬೇರೇನೂ ಇಲ್ಲವೆಂಬುದು ಮರಿಯಾ ಅವರಿಗೆ ಹೊಳೆಯಿತು ಎಂದು ಅವರ ಚರಿತ್ರಕಾರರು ಬರೆದಿದ್ದಾರೆ. ಈ ಮಕ್ಕಳಿಗೆ ಬೇಕಾದುದು ಔಷಧಕ್ಕಿಂತ ಹೆಚ್ಚಾಗಿ ಶಿಕ್ಷಣ ಎಂಬ ನಿಲುವಿಗೆ ಅವರು ಬಂದರು.

ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗ್ವೆ ಅವರ ಗ್ರಂಥಗಳನ್ನು ಮರಿಯಾ ಸ್ವಹಸ್ತದಿಂದ ಇಟಾಲಿಯನ್ ಭಾಷೆಗೆ ಬರೆದುಕೊಂಡು ಅಭ್ಯಸಿಸಿದರು. 1900ರಲ್ಲಿ ರೋಮಿನಲ್ಲಿ ವಿಶೇಷ ಮಕ್ಕಳ ಶಿಕ್ಷಕರಿಗಾಗಿ ತರಬೇತಿ ಶಾಲೆಯೊಂದು ಆರಂಭವಾದಾಗ, ಡಾ. ಮೊಂತೆಸಾನೊ ಅವರೊಡನೆ ಅದರ ನಿರ್ದೇಶಕರಾದರು. ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ಸ್ವತಃ ಮಕ್ಕಳಿಗೆ ಕಲಿಸುತ್ತಿದ್ದರು. ಕಂಡುದನ್ನು ಬರೆದಿಟ್ಟು ಪರಿಶೀಲಿಸುತ್ತಿದ್ದರು.

ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಎಷ್ಟು ಕಲಿಸಿದರೂ ಹೊಲಿಗೆ ಕೈಗೂಡಲಿಲ್ಲ. ಮರಿಯಾ ಹೊಲಿಗೆಯನ್ನು ನಿಲ್ಲಿಸಿ, ಕಾಗದದ ಪಟ್ಟಿಗಳನ್ನು ಮೇಲೆ ಕೆಳಗೆ ಹಾಯಿಸಿ ಚಾಪೆಯಂತೆ ಹೆಣೆಯುವುದನ್ನು ಅವಳಿಗೆ ಕೊಟ್ಟರು. ಹೆಣಿಗೆ ರೂಢಿಯಾದ ಮೇಲೆ ಸೂಜಿ ಕೊಟ್ಟಾಗ ಹುಡುಗಿ ಹೊಲಿದಳು. ಅವಳಿಗೆ ಕೊರತೆಯಾಗಿದ್ದುದು ಆ ಹಿಂದಿನ ಮೆಟ್ಟಿಲು ಮಾತ್ರ.

ಶಿಕ್ಷಕರಿಗೆ ಅವರು ಕಲಿಸಿದ್ದು ಇದನ್ನೇ. ಪಾಠಕ್ಕೆ ಮುನ್ನ ಮಗುವನ್ನು ನೋಡಬೇಕು. ಸೆಗ್ವೆ ಅವರಿಂದ ಪಡೆದ ಪಾಠಕ್ರಮದಲ್ಲಿ ಮೂರು ಹಂತಗಳಿದ್ದವು: ಶಿಕ್ಷಕಿ ವಸ್ತುವಿನ ಹೆಸರು ಹೇಳುವುದು, ಹೆಸರು ಹೇಳಿದಾಗ ಮಗು ಅದನ್ನು ಗುರುತಿಸುವುದು, ಕೊನೆಗೆ ಮಗುವೇ ಹೆಸರನ್ನು ಹೇಳುವುದು. ಮಗು ತಪ್ಪಿದರೆ ಗದರದೆ ಪಾಠವನ್ನು ಅಲ್ಲಿಗೇ ನಿಲ್ಲಿಸಿ ಮತ್ತೊಂದು ದಿನ ಆರಂಭಿಸಬೇಕು. ಪ್ರತಿ ಮಗುವಿನ ದೇಹಸ್ಥಿತಿ, ಮನೆಯ ಹಿನ್ನೆಲೆ, ಬೆಳವಣಿಗೆಗಳನ್ನು ದಾಖಲಿಸುವ ಜೀವನ ಪತ್ರವನ್ನೂ ಅವರು ಸಮರ್ಥಿಸಿದರು.

ಅವರ ಕೆಲವು ಮಕ್ಕಳು ಓದು ಬರಹ ಕಲಿತು, ಸಾಮಾನ್ಯ ಮಕ್ಕಳೊಡನೆ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಲೋಕ ಬೆರಗಾಯಿತು, ಮರಿಯಾ ಮಾತ್ರ, ಆರೋಗ್ಯವಂತ ಮಕ್ಕಳು ಏಕೆ ಇನ್ನೂ ಮುಂದೆ ಹೋಗಲಿಲ್ಲವೆಂದು ಚಿಂತಿಸಿದರು. ಆ ಚಿಂತನೆಯ ಫಲವಾಗಿ 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ರೋಮಿನ ಸಾನ್ ಲೊರೆಂಜೊ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆಯಿತು.

1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಮಗ ಮಾರಿಯೊ ಬಂಧನಕ್ಕೊಳಗಾದರು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದಂದು ಅವರ ಬಿಡುಗಡೆಯಾಯಿತು. ಆ ಸಂಕಷ್ಟದಲ್ಲೂ ಮರಿಯಾ ಅಡ್ಯಾರ್, ಕೊಡೈಕನಾಲ್ ಮೊದಲಾದೆಡೆ ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು. 1952ರ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್‌ನಲ್ಲಿ ನಿಧನರಾಗಿ ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ವಿಶ್ರಮಿಸಿದ್ದಾರೆ.

ಪ್ರತಿ ವಿಶೇಷ ಮಗುವಿಗೂ ಲಿಖಿತ ಶಿಕ್ಷಣ ಯೋಜನೆ ಇರಬೇಕೆಂದು ಅಮೆರಿಕವು 1975ರಲ್ಲಿ ಕಾನೂನು ಮಾಡಿತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಅಂತಹ ಪ್ರತಿ ವಿದ್ಯಾರ್ಥಿಯ ಪ್ರಗತಿಯನ್ನು ಗಮನಿಸಬೇಕೆನ್ನುತ್ತದೆ. ಆದರೆ ಕಾನೂನು ಕೇಳುವ ಹಾಳೆಯನ್ನು ತುಂಬುವುದು ಸುಲಭ. ಹೊಲಿಗೆ ಕಲಿಯಬೇಕು ಎಂದು ಬರೆದರೆ ಅದು ಆಸೆಯಷ್ಟೆ. ಮಗು ಇಂದು ಏನು ಮಾಡಬಲ್ಲದು, ಮುಂದಿನ ಮೆಟ್ಟಿಲು ಯಾವುದು, ಅದನ್ನು ಏರಿತೆಂದು ತಿಳಿಯುವುದು ಹೇಗೆ ಎಂದು ಬರೆದಾಗಲೇ ಅದು ಯೋಜನೆ. ಅದಕ್ಕೆ ಬೇಕಾದ ಅರ್ಧ ಮಾಹಿತಿ ಮನೆಯಲ್ಲಿದೆ. ಇಂತಹ ಮಗುವಿರುವ ತಂದೆತಾಯಂದಿರು ಸಂಕೋಚ ತೊರೆದು ಶಿಕ್ಷಕರ ಬಳಿ ಕುಳಿತು ಅದನ್ನು ಹೇಳಲಿ. ಶಿಕ್ಷಕರು ಕೇಳಿ ಬರೆದುಕೊಳ್ಳಲಿ.