ಚಿಪ್ ಕಂಡುಹಿಡಿದ ಜಾಕ್ ಕಿಲ್ಬಿ



ಹೋದ ವಾರ ನಮ್ಮ ಅಪ್ಪನ ಮೊಬೈಲ್ ಚಾರ್ಜ್ ಆಗದೆ ನಿಂತುಬಿಟ್ಟಿತು. ಶಿಗ್ಗಾಂವಿಯ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿ ಕೂತಿದ್ದವ ಯಾರು ಅಂತೀರಿ? ನಮ್ಮ ವರ್ಗದ ಗೆಳೆಯನೇ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ನಾಲ್ಕು ಅಂಕ ಕಡಿಮೆ ಬಿದ್ದವಂತ ಶಾಲೆಗೆ ಬರೋದನ್ನೇ ಬಿಟ್ಟವನು. ಅಂಗಡಿ ಅವನ ಸೋದರಮಾವನದು. ಅವನು ಮೊಬೈಲ್ ಬಿಚ್ಚಿ, ಹೆಸರುಕಾಳಿನಷ್ಟು ಸಣ್ಣದೊಂದು ಕರಿ ಚೌಕವನ್ನು ಭೂತಗನ್ನಡಿ ಹಿಡಿದು ತೋರಿಸಿದ. ಅದು ಚಾರ್ಜಿಂಗ್ ಐಸಿ. ಇಂಥ ಐಸಿಯನ್ನು ಮೊದಲು ಮಾಡಿದವರು ಯಾರೆಂದು ಹುಡುಕಿ ಓದಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ.

ಜಾಕ್ ಕಿಲ್ಬಿಯವರು ಜನಿಸಿದ್ದು 1923ರ ನವೆಂಬರ್ 8ರಂದು, ಅಮೆರಿಕದಲ್ಲಿ. ಬೆಳೆದದ್ದು ಕಾನ್ಸಾಸ್ ರಾಜ್ಯದ ಗ್ರೇಟ್ ಬೆಂಡ್ ಎಂಬ ಊರಲ್ಲಿ. ತಂದೆ ವಿದ್ಯುತ್ ಕಂಪನಿ ನಡೆಸುತ್ತಿದ್ದರು. ಒಮ್ಮೆ ಹಿಮದ ಬಿರುಗಾಳಿಗೆ ತಂತಿಗಳೆಲ್ಲ ಹರಿದುಬಿದ್ದಾಗ, ತಂದೆಯವರು ಹವ್ಯಾಸಿ ರೇಡಿಯೋದವರ ನೆರವಿನಿಂದ ಜನರನ್ನು ಸಂಪರ್ಕಿಸಿದರು. ಅದನ್ನು ಕಂಡ ಬಾಲಕ ಕಿಲ್ಬಿಗೆ ರೇಡಿಯೋ ಹುಚ್ಚು ಹಿಡಿಯಿತು. ಮುಂದೆ ಎಂ.ಐ.ಟಿ. ಎಂಬ ದೊಡ್ಡ ವಿದ್ಯಾಸಂಸ್ಥೆಯ ಪ್ರವೇಶ ಪರೀಕ್ಷೆ ಬರೆದರು. ಬೇಕಾಗಿದ್ದು 500 ಅಂಕ, ಬಂದದ್ದು 497. ಮೂರೇ ಮೂರು ಅಂಕಕ್ಕೆ ಬಾಗಿಲು ಮುಚ್ಚಿತು!

ಆದರೂ ಓದು ಬಿಡಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯ ಸೇರಿದರು. ನಡುವೆ ಎರಡನೇ ಮಹಾಯುದ್ಧ ಬಂತು. ಸೈನ್ಯ ಸೇರಿ, ನಮ್ಮ ದೇಶದ ಈಶಾನ್ಯ ಭಾಗದ ಒಂದು ಚಹಾ ತೋಟದಲ್ಲಿ ರೇಡಿಯೋ ರಿಪೇರಿ ಮಾಡಿದರು. ಹೌದ್ರೀ, ಅವರೂ ರಿಪೇರಿ ಮಾಡಿದವರೇ! ಮರಳಿ ಹೋಗಿ 1947ರಲ್ಲಿ ಪದವಿ ಪಡೆದರು.

1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಸೇರಿದರು. ಆಗ ಒಂದೊಂದು ಬಿಡಿಭಾಗವನ್ನೂ ತಂತಿಯಿಂದ ಬೆಸೆಯಬೇಕಿತ್ತು. ದೊಡ್ಡ ಯಂತ್ರಕ್ಕೆ ಸಾವಿರಾರು ಬೆಸುಗೆ. ಒಂದು ಬಿಟ್ಟರೂ ಕೆಲಸ ಕೆಟ್ಟಂತೆ. ಬೇಸಿಗೆಯಲ್ಲಿ ಉಳಿದವರೆಲ್ಲ ರಜೆಗೆ ಹೋದರು. ಹೊಸಬರಾದ ಕಿಲ್ಬಿಯವರಿಗೆ ರಜೆ ಇರಲಿಲ್ಲ. ಖಾಲಿ ಪ್ರಯೋಗಾಲಯದಲ್ಲಿ ಕೂತು, ಎಲ್ಲ ಭಾಗಗಳನ್ನೂ ಒಂದೇ ಅರೆವಾಹಕದ ತುಂಡಿನಲ್ಲಿ ಮಾಡುವ ಉಪಾಯ ಹೊಳೆಯಿಸಿಕೊಂಡರು. ಸೆಪ್ಟೆಂಬರ್ 12ರಂದು ಜರ್ಮೇನಿಯಂ ತುಂಡಿನಲ್ಲಿ ಮಾಡಿ ತೋರಿಸಿದರು. ಮರುವರ್ಷ ರಾಬರ್ಟ್ ನಾಯ್ಸ್ ಎಂಬವರು ಸಿಲಿಕಾನ್‌ನಲ್ಲಿ ಇನ್ನೂ ಸುಲಭದ ವಿಧಾನ ಕಂಡುಕೊಂಡರು. 1985ರಲ್ಲಿ ಕಿಲ್ಬಿಯವರ ಕಂಪನಿ ನಮ್ಮ ಬೆಂಗಳೂರಿಗೂ ಬಂತು.

ಚಾರ್ಜಿಂಗ್ ಐಸಿ ಅದೇ ವಂಶದ್ದು. ನಾವು ಗೋಡೆಗೆ ಚುಚ್ಚುವ ಚಾರ್ಜರ್ ಮನೆಯ 230 ವೋಲ್ಟನ್ನು ಸುಮಾರು 5 ವೋಲ್ಟಿಗೆ ಇಳಿಸುತ್ತದೆ, ಅಷ್ಟ. ಖರೇ ಕಾವಲುಗಾರ ಮೊಬೈಲಿನ ಒಳಗಿನ ಐಸಿ. ಮೊದಲು ಒಂದೇ ಸಮ ಕರೆಂಟ್ ಬಿಡುತ್ತದೆ. ಸಾಮಾನ್ಯ ಲಿಥಿಯಂ ಬ್ಯಾಟರಿ 4.2 ವೋಲ್ಟ್ ಮುಟ್ಟಿತೆಂದರೆ ವೋಲ್ಟೇಜನ್ನು ಅಲ್ಲಿಗೇ ಹಿಡಿದು, ಕರೆಂಟನ್ನು ಸಣ್ಣದು ಮಾಡುತ್ತ ಕಡೆಗೆ ನಿಲ್ಲಿಸುತ್ತದೆ. ಮಡಿ ತುಂಬುತ್ತ ಬಂದಾಗ ನೀರು ಸಣ್ಣ ಮಾಡುತ್ತೇವಲ್ಲ, ಹಾಗೆ. ಹದ ತಪ್ಪಿದರೆ ಬ್ಯಾಟರಿ ಉಬ್ಬೀತು, ಬೆಂಕಿಯೂ ಹತ್ತೀತು.

ಕಿಲ್ಬಿಯವರಿಗೆ 2000ದಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ನಾವ್ಯಾರೂ ಹುಟ್ಟುವ ಮೊದಲೇ, 2005ರ ಜೂನ್ 20ರಂದು ತೀರಿಕೊಂಡರು.

ಇದರ ಇನ್ನೊಂದು ಪ್ರತಿ ಬರೆದಿಟ್ಟಿದ್ದೇನೆ. ಭಾನುವಾರ ಶಿಗ್ಗಾಂವಿಯ ಅಂಗಡಿಗೆ ಹೋಗಿ ಅವನ ಕೈಗೇ ಕೊಡುತ್ತೇನೆ. ಗುರುಗಳೇ, ನಮ್ಮ ಬೆಂಚಿನಲ್ಲಿ ಅವನ ಜಾಗ ಇನ್ನೂ ಖಾಲಿ ಐತಿ. ದಯಮಾಡಿ ಹಾಜರಿ ಪುಸ್ತಕದಿಂದ ಅವನ ಹೆಸರು ತೆಗೆಯಬೇಡಿರಿ.