ನಾದದ ಬೆನ್ನು ಹತ್ತಿದ ರಾಮನ್

ಸರ್ ಸಿ. ವಿ. ರಾಮನ್ ಅವರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಯಾರೂ ಇರಲಾರರು. ಬೆಳಕಿನ ಚದುರುವಿಕೆ, ನೊಬೆಲ್ ಪಾರಿತೋಷಕ, ಫೆಬ್ರವರಿ 28ರ ವಿಜ್ಞಾನ ದಿನ, ಇಷ್ಟು ನಮಗೆಲ್ಲ ಶಾಲೆಯಲ್ಲೇ ಬಾಯಿಪಾಠವಾಗಿದೆ. ಆದರೆ ಈ ಮಹನೀಯರು ಬೆಳಕಿನ ಸಂಶೋಧನೆಗಾಗಿ ಪ್ರಸಿದ್ಧರಾಗುವ ಮುನ್ನ ಹತ್ತಾರು ವರ್ಷ ನಾದದ ಬೆನ್ನು ಹತ್ತಿದ್ದರೆಂಬ ಸಂಗತಿ ಕಲಾ ವಿದ್ಯಾರ್ಥಿಯಾದ ನನಗೆ ಇತ್ತೀಚಿನವರೆಗೂ ತಿಳಿದಿರಲಿಲ್ಲ. ಅದು ತಿಳಿದುಬಂದ ಬಗೆಯನ್ನು ಮೊದಲು ಹೇಳಿ, ಬಳಿಕ ಅವರ ಜೀವನದ ಕಥೆಗೆ ಬರುತ್ತೇನೆ.

ನನ್ನ ಊರು ಬಾಣಾವರ. ಅಲ್ಲಿಂದ ಅರಸೀಕೆರೆಗೆ ಬರುವ ರೈಲಿನಲ್ಲಿ ಬಿ.ಎಸ್ಸಿ. ಓದುವ ಗೆಳೆಯನೊಬ್ಬ ನನಗೆ ಜೊತೆ. ಒಂದು ದಿನ ಅವನು ಎರಡು ಹೆಡ್‌ಫೋನ್‌ಗಳನ್ನು ತಂದಿದ್ದ. ಒಂದರ ಬೆನ್ನು ಗಟ್ಟಿ ಮುಚ್ಚಳದಿಂದ ಮುಚ್ಚಿತ್ತು. ಇನ್ನೊಂದರ ಬೆನ್ನು ಜಾಲರಿಯಂತೆ ತೆರೆದಿತ್ತು. ಊರ ಹಬ್ಬದಲ್ಲಿ ನಮ್ಮ ತಾತ ಬಾರಿಸಿದ ತಮಟೆಯ ಧ್ವನಿ ನನ್ನ ಮೊಬೈಲಿನಲ್ಲಿತ್ತು. ಅದನ್ನು ಎರಡರಲ್ಲೂ ಕೇಳಿದೆ. ಮುಚ್ಚಿದ್ದರಲ್ಲಿ ರೈಲಿನ ಸದ್ದು ಅಡಗಿ, ಪೆಟ್ಟುಗಳು ತುಂಬು ದನಿಯಲ್ಲಿ ತಲೆಯೊಳಗೇ ಬೀಳುವಂತಿದ್ದವು. ಆದರೆ ತಾತ ಯಾವುದೋ ಕೋಣೆಯಲ್ಲಿ ನಿಂತು ಬಾರಿಸಿದಂತೆ ಕೇಳಿಸಿತು. ತೆರೆದದ್ದರಲ್ಲಿ ದನಿಯ ಕೆಳಗಿನ ತೂಕ ಕೊಂಚ ತಗ್ಗಿತು, ಗಾಡಿಯ ಗದ್ದಲವೂ ನುಗ್ಗಿತು. ಆದರೆ ತಮಟೆ ತಲೆಯಿಂದ ಹೊರಬಂದು ಬಯಲಿನಲ್ಲಿ ನಿಂತಿತು. ಹಬ್ಬದ ದಿನ ನಾನು ಕೇಳಿದ್ದು ಆ ತಮಟೆಯನ್ನೇ.

ಹೀಗೇಕೆಂದು ಗೆಳೆಯನನ್ನು ಕೇಳಿದೆ. ಹೆಡ್‌ಫೋನಿನ ಒಳಗೆ ಕಂಪಿಸುವ ತೆಳು ಹಾಳೆಯೊಂದುಂಟು. ಅದೇ ಒಂದು ಪುಟ್ಟ ತಮಟೆ ಎಂದು ತಿಳಿಯಬಹುದೆಂದು ಅವನು ವಿವರಿಸಿದ. ಆ ಹಾಳೆ ಕಿವಿಯ ಕಡೆಗೆ ಸರಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನ ಗಾಳಿ ಸಡಿಲವಾಗುತ್ತದೆ. ಹೀಗೆ ಅದು ಒಂದೇ ವೇಳೆಗೆ ಎರಡು ಕಡೆಗೂ ಶಬ್ದ ಮಾಡುತ್ತದೆ. ಬೆನ್ನು ಮುಚ್ಚಿದ್ದರೆ ಹಿಂದಿನ ಶಬ್ದ ಒಳಗೇ ಸಿಕ್ಕಿ, ಗೋಡೆಗೆ ಬಡಿದು, ಅದರಲ್ಲಿ ಸ್ವಲ್ಪ ಭಾಗ ತೆಳು ಹಾಳೆಯನ್ನು ದಾಟಿ ತಿರುಗಿ ಕಿವಿಗೇ ಬರುತ್ತದೆ. ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಹಾಳೆಯನ್ನು ನೂಕುತ್ತದೆ. ಬೆನ್ನು ತೆರೆದಿದ್ದರೆ ಹಿಂದಿನ ಶಬ್ದ ಹೊರಗೆ ಹೋಗಿಬಿಡುತ್ತದೆ. ಆದರೆ ಮಂದ್ರದಲ್ಲಿ ಅದು ಸುತ್ತಿ ಬಂದು ಮುಂದಿನ ಶಬ್ದವನ್ನು ಒಂದಿಷ್ಟು ಅಳಿಸುತ್ತದೆ. ಅಮೆರಿಕದ ನೆಥೇನಿಯಲ್ ಬಾಲ್ಡ್ವಿನ್ 1910ರಲ್ಲಿ ತನ್ನ ಅಡುಗೆಮನೆಯ ಮೇಜಿನ ಮೇಲೆ ಹೆಡ್‌ಫೋನ್ ಮಾಡಿ ಅಲ್ಲಿನ ನೌಕಾಪಡೆಗೆ ಕಳುಹಿಸಿದ. ಬೆನ್ನು ತೆರೆದ ಹೆಡ್‌ಫೋನನ್ನು ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಮಾರುಕಟ್ಟೆಗೆ ತಂದದ್ದು 1968ರಲ್ಲಿ.

ಇಷ್ಟು ಹೇಳಿ ಗೆಳೆಯ ಇನ್ನೊಂದು ಮಾತನ್ನು ಸೇರಿಸಿದ: ಚರ್ಮವಾದ್ಯಗಳ ನಾದವನ್ನು ಕುರಿತು ನಮ್ಮ ದೇಶದಲ್ಲಿ ಮೊದಲು ಶಾಸ್ತ್ರೀಯವಾಗಿ ವಿಚಾರ ಮಾಡಿದವರು ರಾಮನ್. ಅಲ್ಲಿಂದ ನನ್ನ ಹುಡುಕಾಟ ಪ್ರಾರಂಭವಾಯಿತು.

ಚಂದ್ರಶೇಖರ ವೆಂಕಟರಾಮನ್ ಅವರು 1888ನೆಯ ಇಸವಿ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಅವರು ಉಪಾಧ್ಯಾಯರು. ಮುಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾದರು. ಅವರಿಗೆ ಪಿಟೀಲು ನುಡಿಸುವ ಅಭ್ಯಾಸವಿತ್ತು. ಮನೆಯಲ್ಲಿ ಪುಸ್ತಕವೂ ಇತ್ತು, ನಾದವೂ ಇತ್ತು. ಬಾಲಕ ರಾಮನ್ ಅಸಾಧಾರಣ ಬುದ್ಧಿಶಾಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ ಭೌತಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದರು. 1906ರಲ್ಲಿ, ಹದಿನೆಂಟರ ಹರೆಯದಲ್ಲಿ, ಅವರ ಮೊದಲ ಸಂಶೋಧನ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು. ಆ ವಯಸ್ಸಿನಲ್ಲಿ ನಮ್ಮಂಥವರ ಹೆಸರು ಹಾಜರಿ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬಿದ್ದರೆ ಅದೇ ದೊಡ್ಡದು!

ಅಂದಿನ ಕಾಲದಲ್ಲಿ ಉನ್ನತ ವ್ಯಾಸಂಗಕ್ಕೆ ವಿಲಾಯತಿಗೆ ಹೋಗುವುದು ವಾಡಿಕೆ. ರಾಮನ್ ಅವರ ದೇಹಸ್ಥಿತಿ ಅಲ್ಲಿನ ಹವೆಗೆ ತಾಳದೆಂದು ವೈದ್ಯರು ತಡೆದರು. ವಿಜ್ಞಾನವನ್ನೇ ನಂಬಿ ಹೊಟ್ಟೆ ಹೊರೆಯುವ ದಾರಿ ಭಾರತೀಯರಿಗೆ ಆಗ ಇರಲಿಲ್ಲವೆಂದೇ ಹೇಳಬಹುದು. ಆದಕಾರಣ ಅವರು ಸರಕಾರದ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು, ಅದರಲ್ಲೂ ಮೊದಲಿಗರಾಗಿ, 1907ರಲ್ಲಿ ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಅದೇ ವರ್ಷ ಲೋಕಸುಂದರಿ ಅವರೊಡನೆ ವಿವಾಹವಾಯಿತು. ಆಕೆ ವೀಣೆ ಬಲ್ಲವರು.

ಇಲ್ಲಿಗೆ ಕಥೆ ಮುಗಿಯಬಹುದಾಗಿತ್ತು. ಒಳ್ಳೆಯ ಸಂಬಳದ ಸರಕಾರಿ ನೌಕರಿ ಸಿಕ್ಕಿದ ಮೇಲೆ ಇನ್ನೇನು ಬೇಕೆಂದು ನಮ್ಮ ಮನೆಗಳಲ್ಲಿ ಈಗಲೂ ಕೇಳುತ್ತಾರೆ. ಆ ಮಾತಿನಲ್ಲಿ ತಪ್ಪೂ ಇಲ್ಲ. ಆದರೆ ರಾಮನ್ ಅವರ ಕಣ್ಣಿಗೆ ಬೌಬಜಾರ್ ಬೀದಿಯ ಒಂದು ಫಲಕ ಬಿತ್ತು. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಕಟ್ಟಡವದು. ಒಳಗೆ ಉಪಕರಣಗಳಿದ್ದವು, ಬಳಸುವವರಿರಲಿಲ್ಲ. ರಾಮನ್ ಅವರು ಬೆಳಗಿನ ಜಾವ ಅಲ್ಲಿಗೆ ಹೋಗುವರು. ಮನೆಗೆ ಬಂದು ಊಟ ಮಾಡಿ ಕಚೇರಿಗೆ ಓಡುವರು. ಸಂಜೆ ಕಚೇರಿಯಿಂದ ನೇರವಾಗಿ ಮತ್ತೆ ಅಲ್ಲಿಗೇ ಹೋಗಿ ರಾತ್ರಿ ಮನೆ ಸೇರುವರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದ ಕಾಲ ಬಿಟ್ಟರೆ ಹತ್ತು ವರ್ಷ ಇದೇ ದಿನಚರಿ. ಅವರ ಬಲಗೈಯಂತಿದ್ದ ಆಶುತೋಷ ಡೇ ಎಂಬುವರು ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೇ ತುಳಿದವರಲ್ಲ.

ಬೆಲೆಬಾಳುವ ಯಂತ್ರಗಳಿಲ್ಲದ ಆ ಸ್ಥಳದಲ್ಲಿ ರಾಮನ್ ಅವರು ಹೆಚ್ಚಾಗಿ ಆರಿಸಿಕೊಂಡ ವಿಷಯ ತಂತಿ ಮತ್ತು ನಾದ. 1909ರಲ್ಲಿ ಅವರು ಬರೆದ ಒಂದು ಪುಟ್ಟ ಲೇಖನ ಏಕತಾರಿಯನ್ನು ಕುರಿತದ್ದು! ದಾಸಯ್ಯನೂ ಜೋಗಿಯೂ ಮನೆಯ ಬಾಗಿಲಲ್ಲಿ ನಿಂತು ಮೀಟುವ ಏಕತಾರಿ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕಾರಣವನ್ನು ಮುಂದೆ ಹೇಳುತ್ತೇನೆ.

1917ರಲ್ಲಿ ಸರ್ ಆಶುತೋಷ ಮುಖರ್ಜಿಯವರ ಕರೆಗೆ ಓಗೊಟ್ಟು, ಹೆಚ್ಚಿನ ಸಂಬಳದ ಸರಕಾರಿ ಹುದ್ದೆಯನ್ನು ತೊರೆದು, ಕಡಮೆ ಸಂಬಳದ ಪ್ರಾಧ್ಯಾಪಕ ಪದವಿಯನ್ನು ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಒಪ್ಪಿಕೊಂಡರು. ಪಿಟೀಲಿನ ತಂತಿ ಕಮಾನಿನ ಅಡಿಯಲ್ಲಿ ಹೇಗೆ ಅದುರುತ್ತದೆಂಬುದನ್ನು ಕುರಿತ ಅವರ ದೊಡ್ಡ ಗ್ರಂಥ 1918ರಲ್ಲಿ ಹೊರಬಂದಿತು. ಕಮಾನನ್ನು ಒಂದೇ ಒತ್ತಡದಲ್ಲಿ, ಒಂದೇ ವೇಗದಲ್ಲಿ ಎಳೆಯುವ ಯಂತ್ರವೊಂದನ್ನೂ ಅವರು ರಚಿಸಿದರು.

1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ ಮೃದಂಗ ಮತ್ತು ತಬಲಗಳ ವಿಷಯವನ್ನು ಪ್ರಕಟಿಸಿದರು. ಸಾಮಾನ್ಯವಾದ ಚರ್ಮವನ್ನು ಬಿಗಿದು ಬಡಿದರೆ ಹುಟ್ಟುವ ಮೇಲಿನ ಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂಬ ಲೆಕ್ಕಕ್ಕೆ ಒಗ್ಗುವುದಿಲ್ಲ. ಆದ್ದರಿಂದಲೇ ಅದು ನಾದವಾಗದೆ ಸದ್ದಾಗುತ್ತದೆ. ನಮ್ಮ ಹಿರಿಯರು ಬಲಮುಖದ ನಡುವೆ ಕರಣೆಯನ್ನು ಪದರ ಪದರವಾಗಿ ಮೆತ್ತಿ ಈ ದೋಷವನ್ನು ತಿದ್ದಿದ್ದಾರೆಂದು ರಾಮನ್ ತೋರಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ, ಅದು ಕೂಡುವ ಗೆರೆಗಳಿಂದ ಕಂಪನದ ಬಗೆಗಳನ್ನು ಗುರುತಿಸಿದರು. ಒಂಬತ್ತು ಬಗೆಯ ಕಂಪನಗಳು ಒಗ್ಗೂಡಿ ಐದೇ ಸುಸ್ವರಗಳಾಗುತ್ತವೆಂಬುದು ಅವರ ತೀರ್ಮಾನ. ಇದರ ಪೂರ್ಣ ವಿವರ 1934ರಲ್ಲಿ, ಅವರು ಬೆಂಗಳೂರಿಗೆ ಬಂದ ಮೇಲೆ ಅಚ್ಚಾಯಿತು.

ವೀಣೆ ಮತ್ತು ತಂಬೂರಿಗಳ ವಿಷಯ 1921ರದು. ತಂತಿಯನ್ನು ಯಾವುದೋ ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಸ್ವರಗಳು ಕೇಳಿಸಬಾರದೆಂಬುದು ಯೂರೋಪಿನ ಪಂಡಿತರ ನಿಯಮ. ನಮ್ಮ ವಾದ್ಯಗಳಲ್ಲಿ ಅವು ಕೇಳಿಸುತ್ತವೆ! ಕುದುರೆಯ ಬಾಗಿದ ಮೈಯೂ, ತಂಬೂರಿಯ ತಂತಿಯ ಅಡಿಗೆ ಸೇರಿಸುವ ನೂಲಿನ ಎಳೆಯೂ ಅದಕ್ಕೆ ಕಾರಣವೆಂದು ಅವರು ವಿವರಿಸಿದರು. ಪುಸ್ತಕ ಒಂದು ಹೇಳಿ ಕಿವಿ ಇನ್ನೊಂದು ಹೇಳಿದಾಗ ಕಿವಿಯನ್ನು ತಳ್ಳಿಹಾಕದೆ ಕಾರಣ ಹುಡುಕಿದ್ದು ಅವರ ದೊಡ್ಡತನ.

ಅದೇ 1921ರಲ್ಲಿ ಅವರು ಮೊದಲ ಸಲ ವಿಲಾಯತಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟದಲ್ಲಿ ಪಿಸುಮಾತು ಗೋಡೆಯನ್ನೇ ಹಿಡಿದು ಓಡುವುದನ್ನು ಪರೀಕ್ಷಿಸಿದರು. ನಮ್ಮ ವಿಜಯಪುರದ ಗೋಲಗುಂಬಜವೂ ಅವರ ಈ ಅಭ್ಯಾಸದೊಳಗೆ ಬಂದಿತು. ಮುಚ್ಚಿದ ಗೋಡೆ ನಾದಕ್ಕೆ ಏನು ಮಾಡುತ್ತದೆಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ನಮ್ಮ ನಾಡಿನಲ್ಲಿ ಬೇರೊಂದಿಲ್ಲ. ಅದೇ ಪ್ರಯಾಣದಿಂದ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಬೆಳಕಿನ ಕಡೆಗೆ ಎಳೆಯಿತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1924ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1928ರ ಫೆಬ್ರವರಿ 28ರಂದು ಹೊಸ ಪರಿಣಾಮದ ಪತ್ತೆ, 1929ರಲ್ಲಿ ಸರ್ ಪದವಿ, 1930ರಲ್ಲಿ ನೊಬೆಲ್ ಪಾರಿತೋಷಕ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದವರು ಕಡೆಯವರೆಗೂ ಈ ನಾಡಿನವರಾಗಿಯೇ ಉಳಿದರು.

ಮಹಾಪುರುಷರ ಜೀವನ ಬರೆಯುವಾಗ ಗುಣಗಳನ್ನಷ್ಟೇ ಎಣಿಸುವುದು ರೂಢಿ. ಆದರೆ ಒಂದು ಮಾತನ್ನು ಇಲ್ಲಿ ಬಿಡುವಂತಿಲ್ಲ. ಆ ಸಂಸ್ಥೆಗೆ ಸೇರಬಯಸಿದ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿಗೆ, ಹೆಂಗಸೆಂಬ ಕಾರಣಕ್ಕೆ, ರಾಮನ್ ಅವರು ಮೊದಲು ಪ್ರವೇಶ ನಿರಾಕರಿಸಿದರು. ಆಕೆ ಹಟ ಹಿಡಿದ ಮೇಲೆ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಆಕೆಯ ಕೆಲಸ ಕಂಡು ಒಪ್ಪಿದರು. ಹೆಣ್ಣುಮಕ್ಕಳಿಗೆ ಅಲ್ಲಿನ ಬಾಗಿಲು ತೆರೆಯಿತು. ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಏಕತಾರಿಗೆ ಕಿವಿ ತೆರೆದವರಿಗೂ ತೆರೆಯಬೇಕಾದ ಬಾಗಿಲುಗಳು ಉಳಿದಿದ್ದವು.

1948ರಲ್ಲಿ ನಿವೃತ್ತರಾದ ಮೇಲೆ ತಾವೇ ಕಟ್ಟಿದ ಸಂಶೋಧನಾಲಯದಲ್ಲಿ ಕೆಲಸ ಮುಂದುವರಿಸಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ಪ್ರತಿವರ್ಷ ಗಾಂಧೀಜಯಂತಿಯಂದು ಅಲ್ಲಿ ಉಪನ್ಯಾಸ ಕೊಡುವುದು ಅವರ ಪದ್ಧತಿ. 1970ರ ಅಕ್ಟೋಬರ್ 2ರಂದು ಕೊಟ್ಟ ಕಡೆಯ ಉಪನ್ಯಾಸದ ವಿಷಯ ಕಿವಿಯ ಒಳಗಿರುವ ಶಂಖದಾಕಾರದ ಅಂಗ ಮತ್ತು ನಾದದ ಗ್ರಹಣ. ಅದೇ ವರ್ಷ ನವೆಂಬರ್ 21ರಂದು ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ ದಹನ ನಡೆಯಿತು. ಅಲ್ಲಿ ಗೋರಿಯಿಲ್ಲ, ಒಂದು ಮರವಿದೆ. ಏಕತಾರಿಯ ಕಾಲಕ್ಕೆ ಎಚ್ಚರಗೊಂಡ ಕಿವಿ ಅರುವತ್ತು ವರ್ಷಗಳ ಬಳಿಕ ಕಿವಿಯ ವಿಚಾರಕ್ಕೇ ಹಿಂದಿರುಗಿತ್ತು.

ಈಗ ನಾನು ಪುಸ್ತಕ ಮುಚ್ಚಿಟ್ಟ ಕಾರಣ. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಾತ ತಮಟೆ ಬಾರಿಸುವವರೆಂಬುದನ್ನು ನಾನು ಮೂರು ವರ್ಷ ಕಾಲೇಜಿನಲ್ಲಿ ಹೇಳಿಕೊಂಡಿರಲಿಲ್ಲ. ಕೇಳಿದವರಿಗೆ ವ್ಯವಸಾಯವೆಂದು ಹೇಳುತ್ತಿದ್ದೆ. ಅದು ಅರ್ಧ ನಿಜ. ಮೃದಂಗ ವೇದಿಕೆಯ ಮೇಲೆ, ತಮಟೆ ಬೀದಿಯಲ್ಲಿ. ಈ ಭೇದವನ್ನು ನಾನೂ ಒಪ್ಪಿಕೊಂಡಿದ್ದೆನೆಂದು ಕಾಣುತ್ತದೆ. ನೊಬೆಲ್ ಪಡೆದ ಪಂಡಿತರು ಭಿಕ್ಷುಕನ ಏಕತಾರಿಯಿಂದ ನಾದದ ವಿಚಾರ ಪ್ರಾರಂಭಿಸಿದರೆಂದು ಓದಿದಾಗ ನನಗೆ ನಾಚಿಕೆಯಾಯಿತು.

ತಮಟೆಗೆ ಒಂದೇ ಮುಖ. ಕರಣೆಯಿಲ್ಲ, ಹಿಂದೆ ಮುಚ್ಚಿದ ಹೊಟ್ಟೆಯಿಲ್ಲ. ಅದು ಬೆನ್ನು ತೆರೆದ ವಾದ್ಯ. ಹಲಸಿನ ಮರದ ಒಡಲಿನ ಎರಡು ಕಡೆಯನ್ನೂ ಮುಚ್ಚಿದ ಮೃದಂಗ ಕುಳಿತು ಕೇಳುವವರಿಗೆ ಶ್ರುತಿ ಕೊಡುತ್ತದೆ. ತಮಟೆಗೆ ಶ್ರುತಿಯಿಲ್ಲದಿರಬಹುದು; ಅದರ ಕೆಲಸ ಬಯಲಿಗೆ, ಮೆರವಣಿಗೆಗೆ, ಕೇರಿಯ ಆಚೆಗೆ ಕರೆ ಮುಟ್ಟಿಸುವುದು. ಬಾರಿಸುವ ಮುನ್ನ ತಾತ ಸೋಗೆಯ ಬೆಂಕಿಗೆ ಅದನ್ನು ಹಿಡಿದು ಕಾಯಿಸುತ್ತಾರೆ. ಬೆರಳಿನಿಂದ ತಟ್ಟಿ ಕೇಳುತ್ತಾರೆ. ಸಾಲದಿದ್ದರೆ ಮತ್ತೆ ಕಾಯಿಸುತ್ತಾರೆ. ಚರ್ಮ ಎಷ್ಟು ಬಿಗಿದರೆ ಎಂಥ ದನಿ ಬರುವುದೆಂಬ ಲೆಕ್ಕ ಅವರ ಕಿವಿಯಲ್ಲಿದೆ. ಅದು ಕಾಗದದ ಮೇಲೆ ಬಂದಿಲ್ಲ, ಅಷ್ಟೆ.

ಕಳೆದ ರಜೆಯಲ್ಲಿ ಗೆಳೆಯನಿಂದ ಎರಡು ಹೆಡ್‌ಫೋನ್‌ಗಳನ್ನೂ ಎರವಲು ತಂದು ತಾತನಿಗೆ ಅವರದೇ ತಮಟೆಯನ್ನು ಕೇಳಿಸಿದೆ. ಮುಚ್ಚಿದ್ದನ್ನು ಹಾಕಿಕೊಂಡು, ದನಿ ಚೆನ್ನಾಗಿದೆ, ಆದರೆ ಜನ ಎಲ್ಲಿ ಹೋದರು ಎಂದು ಕೇಳಿದರು. ತೆರೆದದ್ದನ್ನು ಹಾಕಿಕೊಂಡಾಗ ಪಕ್ಕದಲ್ಲಿದ್ದ ಅಜ್ಜಿಯ ಮಾತೂ ಅವರಿಗೆ ಕೇಳಿಸುತ್ತಿತ್ತು. ಇದು ವಾಸಿ ಎಂದರು. ಆಮೇಲೆ ಎರಡನ್ನೂ ಕಳಚಿಟ್ಟು, ತಮಟೆಯನ್ನು ಕೇಳಬೇಕಾದರೆ ಕೆರೆಯ ಏರಿಯ ಆ ಕಡೆ ಹೋಗಿ ನಿಲ್ಲು ಎಂದು ನನ್ನನ್ನು ಕಳುಹಿಸಿದರು. ನಾನು ಹೋಗಿ ನಿಂತೆ. ಅವರು ಬಾರಿಸಿದರು. ಯಾವ ಹೆಡ್‌ಫೋನಿನಲ್ಲೂ ಇಲ್ಲದ ಒಂದು ಗುಣ ಅಲ್ಲಿತ್ತು. ಅದಕ್ಕೆ ಹೆಸರಿಡಲು ನನಗೆ ಭೌತಶಾಸ್ತ್ರ ಬಾರದು.

ವಿಜ್ಞಾನ ಓದುವ ನಮ್ಮ ನೆರೆಯ ಗೆಳೆಯರಲ್ಲಿ ಯಾರಾದರೂ ತಮಟೆಯ ಮೇಲೆ ಮರಳು ಉದುರಿಸಿ ನೋಡುವ ಮನಸ್ಸು ಮಾಡಿದರೆ, ತಮಟೆಯನ್ನೂ ಬಾರಿಸುವವರನ್ನೂ ಒದಗಿಸುವ ಹೊಣೆ ನನ್ನದು. ರಾಮನ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಫೆಬ್ರವರಿ 28ರ ಭಾಷಣಕ್ಕಿಂತ ಇದರಲ್ಲಿಯೇ ಹೆಚ್ಚಾಗಿದೆಯೆಂಬುದು ನನ್ನ ಅಲ್ಪಮತಿಗೆ ತೋಚಿದ ವಿಚಾರ.