ದವಾಖಾನೆಗೆ ಹಳ್ಳಿ ಬಿಟ್ಟುಕೊಟ್ಟ ಸುಲ್ತಾನ

ಬೀದರಿನ ಮಹಮೂದ್ ಗವಾನ್ ಮದರಸಾ ಯಾರಿಗೆ ಗೊತ್ತಿಲ್ಲ? ಅದು ಕಟ್ಟಿ ಮುಗಿದದ್ದು 1472ರಲ್ಲಿ. ಅದಕ್ಕೂ ಮೊದಲೇ ಈ ಊರಲ್ಲಿ ಬಡವರಿಗಾಗಿ ಒಂದು ದೊಡ್ಡ ದವಾಖಾನೆ ಎದ್ದಿತ್ತು ಅಂದರೆ ಮಾತ್ರ ಬಹಳ ಮಂದಿ ನಂಬಲಿಕ್ಕಿಲ್ಲ. ಅದನ್ನು ಕಟ್ಟಿಸಿದವನು ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಷಾ.

ಇವನ ತಂದೆ ಅಹ್ಮದ್ ಷಾ ವಲಿ. ಗುಲ್ಬರ್ಗದಲ್ಲಿದ್ದ ರಾಜಧಾನಿಯನ್ನು ಬೀದರಿಗೆ ತಂದವನು ಅವನೇ. 1436ರಲ್ಲಿ ತಂದೆ ತೀರಿಕೊಂಡ ಮೇಲೆ ಮಗ ಗಾದಿ ಏರಿದ. ಏರಿದ್ದೇ ತಡ, ಮನೆಯೊಳಗೇ ಜಗಳ. ಒಡಹುಟ್ಟಿದ ತಮ್ಮ ಮಹಮ್ಮದ್ ದಂಡು ಕಟ್ಟಿಕೊಂಡು ತಿರುಗಿಬಿದ್ದ, ಸೋತ. ಅಣ್ಣ ಅವನ ತಲೆ ತೆಗೆಸಲಿಲ್ಲ. ಮಾಫಿ ಮಾಡಿ, ರಾಯಚೂರು ಸೀಮೆಯನ್ನು ಜಹಗೀರು ಕೊಟ್ಟು ಕಳಿಸಿದ. ಇದಾದ ಮೇಲೆ ಹೆಣ್ಣು ಕೊಟ್ಟ ಮಾವನ ಸರದಿ. ಸಂಗಮೇಶ್ವರದ ರಾಜಕುಮಾರಿ ಅರಮನೆಗೆ ಬಂದಳು, ತನ್ನ ಮಗಳ ಮಾನ ಕಡಿಮೆಯಾಯಿತು ಅಂತ ಖಾನದೇಶದ ನಾಸಿರ್ ಖಾನ್ ಬೇರಾರದ ಮೇಲೆ ದಂಡೆತ್ತಿ ಬಂದ. ಅವನನ್ನೂ ಹಿಮ್ಮೆಟ್ಟಿಸಿದ್ದಾಯಿತು. 1443ರಲ್ಲಿ ವಿಜಯನಗರದ ಎರಡನೇ ದೇವರಾಯನ ಜೊತೆ ಯುದ್ಧ.

ಇಷ್ಟೆಲ್ಲ ಗದ್ದಲದ ನಡುವೆ ಕಟ್ಟಿಸಿದ ದವಾಖಾನೆ ಅದು. ಬಿಜಾಪುರದ ಆದಿಲ್ ಷಾಹಿ ದರ್ಬಾರಿನಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಇದನ್ನು ಬರೆದಿಟ್ಟಿದ್ದಾನೆ. ರೋಗಿಗಳ ಔಷಧಕ್ಕೂ ಊಟಕ್ಕೂ ಅಂತ ಸುಲ್ತಾನ ಕೆಲವು ಹಳ್ಳಿಗಳ ಉತ್ಪನ್ನವನ್ನೇ ಬಿಟ್ಟುಕೊಟ್ಟ. ಚಿಕಿತ್ಸೆಗೆ ಮುಸಲ್ಮಾನ ಹಕೀಮರೂ ಇದ್ದರು, ಹಿಂದೂ ವೈದ್ಯರೂ ಇದ್ದರು. ಇಬ್ಬರಿಗೂ ನೇಮಕ ಕೊಟ್ಟವನು ಸುಲ್ತಾನನೇ.

ಅಂಗಡಿ ನಡೆಸುವವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಒಂದು ಸಲ ರೊಕ್ಕ ಸುರಿದು ಕಟ್ಟಡ ಎಬ್ಬಿಸೋದು ಸುಲಭ. ನಾಳೆ ಮಾಲು ಎಲ್ಲಿಂದ ತರೋದು ಅನ್ನೋದೇ ಕಷ್ಟ. ಹಳ್ಳಿಯ ಉತ್ಪನ್ನ ಸುಗ್ಗಿಗೊಮ್ಮೆ ಬರುತ್ತದೆ. ಔಷಧ ತರಲಿಕ್ಕೆ ಪ್ರತಿ ಸಲ ಖಜಾನೆಯ ಬಾಗಿಲಲ್ಲಿ ಕೈ ಚಾಚಿ ನಿಲ್ಲಬೇಕಾಗಿಲ್ಲ.

ಆದರೆ ದವಾಖಾನೆ ಇದ್ದದ್ದು ರಾಜಧಾನಿಯಲ್ಲಿ. ಭಾಲ್ಕಿ ಕಡೆಯಿಂದಾಗಲಿ, ಔರಾದ ಕಡೆಯಿಂದಾಗಲಿ ಬೀದರ 40 ಕಿ.ಮೀ. ಆಸುಪಾಸು. ಅಂದಿನ ಕಾಲಕ್ಕೆ ಬಂಡಿ ಹೂಡಿದರೆ ಒಂದು ರಾತ್ರಿ ದಾರಿಯಲ್ಲೇ ಕಳೆಯಬೇಕು. ಜ್ವರ ಬಂದವನು, ಹೆರಿಗೆ ನೋವು ತಿನ್ನುವವಳು ಅಷ್ಟು ತಾಳಬೇಕಲ್ಲ!

ಕಡೆಗಾಲದಲ್ಲಿ ಸುಲ್ತಾನನೇ ರೋಗಿಯಾದ. ಕಾಲಿಗಾದ ಗಾಯ ಮಾಯಲಿಲ್ಲ. ಹೊರಗೆ ಮುಖ ತೋರಿಸದೆ ಒಳಗೇ ಉಳಿದದ್ದಕ್ಕೆ ಸತ್ತೇಹೋದ ಅಂತ ಗಾಳಿಸುದ್ದಿ ಹಬ್ಬಿತು. ಅದನ್ನು ನಂಬಿ ನಲ್ಗೊಂಡದ ಕಡೆ ಜಲಾಲ್ ಖಾನ್ ದಂಗೆ ಎದ್ದ. ಅದನ್ನು ಅಡಗಿಸಲು ಹೋದವರಲ್ಲಿ 1453ರಲ್ಲಿ ಬೀದರಿಗೆ ಬಂದಿದ್ದ ಪರ್ಷಿಯಾದ ವ್ಯಾಪಾರಿಯೂ ಒಬ್ಬ. ಅವನೇ ಮಹಮೂದ್ ಗವಾನ್. ಸುಲ್ತಾನ ಮಾತ್ರ ಚೇತರಿಸಲಿಲ್ಲ, 1458ರಲ್ಲಿ ತೀರಿಕೊಂಡ. ಹಕೀಮರು, ವೈದ್ಯರು ಕೈಯಳತೆಯಲ್ಲೇ ಇದ್ದರೂ ಅಂದಿನ ವಿದ್ಯೆಗೆ ಆ ಗಾಯ ಬಗ್ಗಲಿಲ್ಲ. ಅಷ್ಟೂರಿನಲ್ಲಿ ಅವನ ಗೋರಿ ಇದೆ, ಗೋಡೆಯ ಮೇಲೆ ಬಣ್ಣದ ಹಂಚುಗಳು ಅಲ್ಲಲ್ಲಿ ಉಳಿದಿವೆ.

ಇಂದು ಬೀದರಿನಲ್ಲಿ ಬ್ರಿಮ್ಸ್ ಇದೆ, ಭಾಲ್ಕಿ-ಔರಾದಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ, 2008ರಿಂದ 108 ಗಾಡಿಯೂ ಓಡುತ್ತಿದೆ. ಇಂದಿನ ವಿದ್ಯೆ ಅಂದಿನದಕ್ಕಿಂತ ನೂರು ಪಾಲು ಮುಂದೆ. ಹಾಗಿದ್ದೂ ಔರಾದದ ರೋಗಿಯನ್ನು ಬೀದರಿಗೆ, ಬೀದರಿನಿಂದ ಹೈದರಾಬಾದಿಗೆ ಸಾಗಿಸುವ ಬಂಧುಗಳ ಮುಖ ನಮ್ಮ ಬಸ್ ಪ್ರಯಾಣಿಕರಿಗೆ ಹೊಸದಲ್ಲ. ಹೊಸ ಕಟ್ಟಡದ ಅಡಿಗಲ್ಲು ಹಾಕುವ ದಿನವೇ ಅದರ ಔಷಧಕ್ಕೆ, ಡಾಕ್ಟರಿಗೆ ವರ್ಷಾವರ್ಷ ರೊಕ್ಕ ಎಲ್ಲಿಂದ ಬರುತ್ತದೆ ಅಂತಲೂ ಸಂಬಂಧಪಟ್ಟವರು ಜನರೆದುರು ಹೇಳಲಿ. ಸುಲ್ತಾನ ಹಳ್ಳಿಗಳನ್ನೇ ಗೊತ್ತುಮಾಡಿ ಕೊಟ್ಟಿದ್ದ.